ಮೂಳೆ ಕಥೆ, ಭಾಗ 3: ಹಲ್ಲು ನೋಡಿ ವಯಸ್ಸು

ಬಕ್ರೀದ್‌ಗೆ ಮುಂಚೆ ನಮ್ಮ ಚಾಮರಾಜಪೇಟೆ ಈದ್ಗಾ ಮೈದಾನದ ಹತ್ರ ಕುರಿ ವ್ಯಾಪಾರ ನೋಡಿದ್ದೀರಾ? ಕೊಳ್ಳೋಕೆ ಬಂದವರು ತುಟಿ ಎತ್ತಿ ಹಲ್ಲು ನೋಡ್ತಾರೆ. ಮುಂದೆ ಎರಡು ದೊಡ್ಡ ಹಲ್ಲು ಬಂದಿದ್ರೆ ವರ್ಷ ದಾಟಿದೆ ಅಂತ ಲೆಕ್ಕ. ಬರೀ ಹಾಲುಹಲ್ಲಾದ್ರೆ ಇನ್ನೂ ಮರಿ. ಹಳೇ ಊರು ಅಗೆಯೋ ಪುರಾತತ್ವದವರು ಮಾಡೋದೂ ಇದನ್ನೇ. ಅವರ ಕೈಗೆ ದವಡೆ ಮಾತ್ರ ಸಿಗುತ್ತೆ, ಅಷ್ಟೇ.

ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಬೂದಿದಿಬ್ಬಗಳಿವೆ. ಹಂಪಿ ಹತ್ರ ನಿಂಬಾಪುರದಲ್ಲಿರೋದನ್ನ ವಾಲಿಯನ್ನ ಸುಟ್ಟ ಬೂದಿ ಅಂತಾರೆ. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಲ್ಲಿ ಇಂಥದ್ದೇ ದಿಬ್ಬ ಅಗೆದಾಗ ದನದ ಗೊರಸಿನ ಗುರುತುಗಳು ಸಿಕ್ವು. ಅದು ದನದ ದೊಡ್ಡಿ! ವರ್ಷಗಟ್ಟಲೆ ಬಿದ್ದ ಸಗಣಿ ರಾಶಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ರು. ಇದೆಲ್ಲ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು.

ಸರಿ, ದನ ಸಾಕಿದ್ರು. ಆದ್ರೆ ಯಾಕೆ? ಅದಕ್ಕೆ ಮೂಳೆ ಬೇಕು.

ಇಲ್ಲಿ ನನ್ನ ಬಿಕಾಂ ತಲೆ ಓಡುತ್ತೆ. ಹಾಲಿಗೆ ಸಾಕಿದ ಮಂದೆಯಲ್ಲಿ ಹಸುಗಳು ಮುದಿಯಾಗೋವರೆಗೂ ಇರ್ತವೆ, ಗಂಡುಕರುಗಳು ಬೇಗ ಹೋಗ್ತವೆ. ಮಾಂಸಕ್ಕಾದ್ರೆ ಮೈ ತುಂಬಿದ ಕೂಡ್ಲೇ ಕಡೀತಾರೆ, ಆಮೇಲೆ ಹಾಕೋ ಮೇವೆಲ್ಲ ನಷ್ಟ. ದುಡಿಮೆಗೆ ಇಟ್ಟ ಎತ್ತಿನ ಕಾಲಿನ ಕೀಲು ಸವೆದಿರುತ್ತೆ. ಅಂದ್ರೆ ಸತ್ತ ವಯಸ್ಸುಗಳನ್ನ ಸಾಲಾಗಿ ಬರೆದ್ರೆ ಅದೇ ಲೆಡ್ಜರ್. ನಮ್ಮ ಕಾಸ್ಟಿಂಗ್ ಪಾಠಕ್ಕಿಂತ ಇದು ಬೇಗ ಅರ್ಥ ಆಯ್ತು ನಂಗೆ.

ಯಾದಗಿರಿ ಜಿಲ್ಲೆ ಸುರಪುರ ಕಡೆಯ ಬೂದಿಹಾಳದಲ್ಲಿ ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಅಗೆದ್ರು. ದೊಡ್ಡಿ ಸಿಕ್ತು, ಜೊತೆಗೆ ಪ್ರಾಣಿ ಕಡಿಯೋಕೆ ಅಂತಲೇ ಇದ್ದ ಜಾಗವೂ ಸಿಕ್ತು: ನೆಲದ ತುಂಬ ಮೂಳೆ, ಪಕ್ಕದಲ್ಲೇ ಕಲ್ಲಿನ ಹತಾರ. ಹೆಚ್ಚಿನವು ದನದ ಮೂಳೆ.

ಹಿಂದಿನ ಭಾಗ ಹಾಕಿದಾಗ ಪರಿಚಯದವರೊಬ್ರು 'ನಮ್ಮ ಪೂರ್ವಿಕರು ದನ ತಿಂತಿದ್ರಾ? ಡಿಲೀಟ್ ಮಾಡು' ಅಂತ ಮೆಸೇಜ್ ಹಾಕಿದ್ರು. ಎರಡು ದಿನ ಸುಮ್ನಿದ್ದೆ. ಭಯ ಆಗಿದ್ದು ನಿಜ. ಅವರು ನಮ್ಮ ಪೂರ್ವಿಕರೋ ಅಲ್ವೋ, ದನದ ಮೂಳೆ ಹೇಳಲ್ಲ. ತಿಂದಿದ್ದನ್ನಂತೂ ಹೇಳುತ್ತೆ. ಆ ಕಾಲದ ಜನ ಹುರುಳಿ, ಹೆಸರು, ಕೊರಲೆ ಬೆಳೆದು ತಿಂದಿದ್ದೂ ಸಂಗನಕಲ್ಲಿನ ಸುಟ್ಟ ಕಾಳುಗಳಿಂದ ಗೊತ್ತಾಗಿದೆ. ಅಲ್ಲೇ ಪಕ್ಕ ಕಪ್ಪಗಲ್ಲು ಬೆಟ್ಟದ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ ಚಿತ್ರ ಕುಟ್ಟಿದ್ದಾರೆ, ಒಂದಲ್ಲ ಎರಡಲ್ಲ. ದನ ಅವರಿಗೆ ಊಟವೂ ಹೌದು, ಆಸ್ತಿಯೂ ಹೌದು, ಚಿತ್ರ ಬರೆಯೋವಷ್ಟು ಅಕ್ಕರೆಯೂ ಹೌದು. ಮೂರರಲ್ಲಿ ಒಂದನ್ನ ನಾನ್ಯಾಕೆ ಡಿಲೀಟ್ ಮಾಡ್ಲಿ?

ಭಾಗ 4: ಹಳ್ಳೂರಿನ ಕುದುರೆ ಮೂಳೆ ಜಗಳ. ಇಂಟರ್ನಲ್ಸ್ ಮುಗೀಲಿ, ಹಾಕ್ತೀನಿ.