ಮೆಣಸಿನ ರಾಣಿಯೂ ಪೋರ್ಚುಗೀಸರೂ

ಶರಾವತೀ ತೀರದ ಕಾಡಿನ ನಡುವೆ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ದರ್ಶಿಸುವ ಶ್ರಾವಕ ಬಂಧುಗಳಿಗೆ, ಅಲ್ಲಿ ಒಂದು ಕಾಲಕ್ಕೆ ಮಹಾನಗರವಿದ್ದಿತೆಂದರೆ ನಂಬುವುದು ಕಷ್ಟ. ವಿಜಯನಗರದ ಸಾಮಂತರಾಗಿ ಸಾಳುವ ಕುಲದ ಜೈನ ಅರಸರು ಇಲ್ಲಿಂದ ನಾಡಾಳಿದರು. ಘಟ್ಟದ ಕಾಳುಮೆಣಸು ಹೊನ್ನಾವರ, ಭಟ್ಕಳಗಳಲ್ಲಿ ಹಡಗೇರುತ್ತಿತ್ತು. ರಾಜ್ಯದ ಸಿರಿಯೂ ಅದೇ, ಸಂಕಟವೂ ಅದೇ.

ಕ್ರಿ.ಶ. 1502ರಲ್ಲಿ ವಾಸ್ಕೋ ಡ ಗಾಮನು ಭಟ್ಕಳವನ್ನು ಬೆದರಿಸಿ ವರ್ಷಂಪ್ರತಿ ಅಕ್ಕಿಯ ಕಪ್ಪವನ್ನು ವಿಧಿಸಿದನು. ತುರುಕ ವರ್ತಕರು ಬರಕೂಡದು, ಮೆಣಸಿನ ವ್ಯಾಪಾರ ಕೂಡದು ಎಂಬುದು ಕರಾರು. ಮೆಣಸನ್ನೇ ನಂಬಿದ ನಾಡು ಇಂಥ ಕರಾರನ್ನು ಮನಃಪೂರ್ವಕವಾಗಿ ಪಾಲಿಸುವುದುಂಟೆ? 1542ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜನು ಭಟ್ಕಳವನ್ನು ಸುಲಿದು ಸುಟ್ಟನು. ಕಪ್ಪವೆಂಬುದು ಚಿಕ್ಕ ರಾಜ್ಯಕ್ಕೆ ಶರಣಾಗತಿಯಲ್ಲ, ಕಾಲವನ್ನು ಕೊಂಡುಕೊಳ್ಳುವ ಬೆಲೆ. ಪೋರ್ಚುಗೀಸರು ಅದನ್ನು ದಾಸ್ಯದ ಪತ್ರವೆಂದು ಓದಿದರು.

ಇಂಥ ಕಾಲದಲ್ಲಿ ಪಟ್ಟವೇರಿದವಳು ರಾಣಿ ಚೆನ್ನಭೈರಾದೇವಿ. 1565ರಲ್ಲಿ ತಾಳಿಕೋಟೆಯ ಯುದ್ಧವಾಗಿ ವಿಜಯನಗರದ ಆಸರೆ ಕುಸಿಯಿತು. ನಾಲ್ಕೇ ವರ್ಷಗಳಲ್ಲಿ, 1569ರಲ್ಲಿ, ವೈಸರಾಯ್ ಲೂಯಿಸ್ ಡಿ ಅತಾಯ್ದೆಯು ಹೊನ್ನಾವರವನ್ನು ವಶಪಡಿಸಿಕೊಂಡು ಕೋಟೆಯಲ್ಲಿ ಪಡೆಯನ್ನಿಟ್ಟನು. ರಾಣಿ ಕೈಕಟ್ಟಿ ಕೂರಲಿಲ್ಲ. ಮರುವರ್ಷ ಬಿಜಾಪುರ, ಅಹಮದನಗರ, ಕಲ್ಲಿಕೋಟೆಗಳು ಪೋರ್ಚುಗೀಸರ ಮೇಲೆ ಒಟ್ಟಾಗಿ ಎದ್ದಾಗ ಆಕೆಯ ಸೈನ್ಯವೂ ಬಿಜಾಪುರದ ನೆರವಿನಿಂದ ಹೊನ್ನಾವರವನ್ನು ಮುತ್ತಿತು. ವಿಜಯನಗರವನ್ನು ಮುರಿದವರೊಡನೆಯೇ ಮೈತ್ರಿ! ಉಳಿವಿನ ರಾಜನೀತಿಗೆ ಹಳೆಯ ಹಗೆಯನ್ನು ಲೆಕ್ಕಿಸುವ ಅವಕಾಶವಿರಲಿಲ್ಲ. ಕೋಟೆಯೇನೋ ಕೈಗೆ ಬರಲಿಲ್ಲ. ಆದರೆ ಕೋಟೆ ಹಿಡಿದವರಿಗೆ ಮೆಣಸು ಬೇಕಾಗಿತ್ತು, ಮೆಣಸು ಬೆಳೆಯುವ ಘಟ್ಟ ರಾಣಿಯ ಕೈಯಲ್ಲಿತ್ತು. ಅವರೇ ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು.

ಗೇರುಸೊಪ್ಪೆಯನ್ನು ಕೊನೆಗೆ ಅಳಿಸಿದವರು ಪೋರ್ಚುಗೀಸರಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ನೆರೆಯ ಕೆಳದಿಯ ವೆಂಕಟಪ್ಪ ನಾಯಕನು ಅದನ್ನು ಗೆದ್ದನು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಈ ದಾರಿಯಲ್ಲಿ ಸಾಗಿದ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆಯು ಕಾಡು ಬೆಳೆದ ಅರಮನೆಯನ್ನು ಕಂಡನು. ರಾಣಿಯು ಪರಕೀಯನೊಬ್ಬನಿಗೆ ಮನಸೋತು ರಾಜ್ಯ ಕಳೆದುಕೊಂಡಳೆಂಬ ಕಥೆಯನ್ನೂ ಬರೆದಿಟ್ಟನು. ಅವನು ಹೊರಟಿದ್ದುದು ಗೆದ್ದವನ ಆಸ್ಥಾನಕ್ಕೆ. ಸೋತವಳ ಪಕ್ಷವನ್ನು ಹೇಳಬಲ್ಲವರು ಆ ಹಾಳೂರಿನಲ್ಲಿ ಯಾರಿದ್ದರು? ಈ ಕೇಳಿಕೆಯ ಮಾತನ್ನು ಇತಿಹಾಸವೆಂದು ಎತ್ತಿ ಹೇಳುವವರು ಇದನ್ನು ಗಮನಿಸಬೇಕು. ಆ ರಾಯಭಾರಿಯೂ ಮೆಣಸಿನ ವ್ಯವಹಾರವನ್ನು ಮಾತನಾಡಬೇಕಾಗಿತ್ತು, ಈ ಸಲ ಇಕ್ಕೇರಿಯಲ್ಲಿ.