ಗಾಳಿಯಲ್ಲಿ ಬೆರೆಯುವ ನಾದ

ವಾಲ್ವ್ ರೇಡಿಯೋ ಇದ್ದ ಮನೆಗಳಲ್ಲಿ ಬೆಳೆದವರಿಗೆ ನೆನಪಿರಬಹುದು: ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯಾಗಿ ದನಿ ತೆಗೆಯುವವರೆಗೆ ಕಾಯಬೇಕಾಗಿತ್ತು. ಟ್ರಾನ್ಸಿಸ್ಟರು ಆ ಕಾಯುವಿಕೆಯನ್ನು ಕೊನೆಗಾಣಿಸಿತು. ಆದರೆ ಪಶ್ಚಿಮದ ವಿದ್ಯುತ್ ಗಿಟಾರ್ ವಾದಕರಲ್ಲಿ ಹಲವರು ಅದನ್ನು ಬಹುಕಾಲ ಅನುಮಾನದಿಂದಲೇ ಕಂಡರು. ಕಾರಣವಿಲ್ಲದೆ ಅಲ್ಲ. ಶಕ್ತಿಮೀರಿ ದುಡಿಸಿದಾಗ ವಾಲ್ವು ನಾದವನ್ನು ಮೆಲ್ಲಮೆಲ್ಲನೆ ಒರಟಾಗಿಸುತ್ತದೆ. ರಾಕ್ ಸಂಗೀತಕ್ಕೆ ಆ ಒರಟುತನವೇ ಬೇಕಾಗಿತ್ತು. ಟ್ರಾನ್ಸಿಸ್ಟರು ಮಿತಿ ಮುಟ್ಟಿದೊಡನೆ ಅಲೆಯ ನೆತ್ತಿಯನ್ನು ಥಟ್ಟನೆ ಕತ್ತರಿಸಿಬಿಡುತ್ತದೆ. ಕಿವಿಗೆ ಕರ್ಕಶ.

1975ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆಯು ಹೊರತಂದ ಜೆಸಿ-120 'ಜಾಝ್ ಕೋರಸ್' ಆಂಪ್ಲಿಫಯರ್ ಈ ಜಗಳಕ್ಕೇ ಇಳಿಯಲಿಲ್ಲ. ಮಿತಿ ಮುಟ್ಟದಂತೆ ಸಾಕಷ್ಟು ಶಕ್ತಿ ಕೊಟ್ಟರೆ ತಂತಿಯ ನಾದ ಕಲಬೆರಕೆಯಿಲ್ಲದೆ ಹೊರಬರುತ್ತದೆ. ಆದರೆ ಬರಿಯ ಶುದ್ಧಿ ಸಪ್ಪೆಯಲ್ಲವೇ? ಅದಕ್ಕೊಂದು ಉಪಾಯವಿತ್ತು.

ಶಾಲೆಯ ಪ್ರಾರ್ಥನೆಯನ್ನು ನೆನೆಯಿರಿ. ನೂರು ಮಕ್ಕಳು ಒಂದೇ ಸ್ವರ ಹಾಡಿದರೂ ಯಾರೂ ಕೂದಲೆಳೆಯಷ್ಟೂ ತಪ್ಪದೆ ಒಂದಾಗುವುದಿಲ್ಲ; ಆ ಅಲ್ಪ ವ್ಯತ್ಯಾಸದಿಂದಲೇ ಸಮೂಹಗಾನಕ್ಕೆ ತುಂಬುದನಿ. ಈ ಪೆಟ್ಟಿಗೆಯಲ್ಲಿ ತಲಾ 60 ವ್ಯಾಟಿನ ಎರಡು ವರ್ಧಕಗಳು, 12 ಅಂಗುಲದ ಎರಡು ಸ್ಪೀಕರುಗಳು. ಕೋರಸ್ ಹಾಕಿದಾಗ ಒಂದರಿಂದ ಮೂಲನಾದ ಹೊರಡುತ್ತದೆ. ಇನ್ನೊಂದಕ್ಕೆ ಅದೇ ನಾದ ಕ್ಷಣಾಂಶ ತಡವಾಗಿ ತಲುಪುತ್ತದೆ. ಬೆಂಕಿ ಬಿದ್ದಾಗ ಸಾಲುಗಟ್ಟಿ ನಿಂತವರು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ವಿದ್ಯುದಂಶವನ್ನು ಮನೆಯಿಂದ ಮನೆಗೆ ದಾಟಿಸುವ ಚಿಪ್ಪು ಈ ವಿಳಂಬವನ್ನು ಉಂಟುಮಾಡುತ್ತದೆ. ವಿಳಂಬವು ಹಿಗ್ಗಿ ಕುಗ್ಗುತ್ತಿರುವುದರಿಂದ ಶ್ರುತಿಯೂ ತುಸು ಏರಿಳಿಯುತ್ತದೆ. ಎರಡೂ ಬೆರೆಯುವುದು ಪೆಟ್ಟಿಗೆಯೊಳಗಲ್ಲ, ಕೇಳುಗರ ನಡುವಿನ ಗಾಳಿಯಲ್ಲಿ! ನನಗೆ ಬೆರಗು ಹುಟ್ಟಿಸುವುದು ಇದೇ.

ಸಂಸ್ಥೆಯನ್ನು 1972ರಲ್ಲಿ ಒಸಾಕದಲ್ಲಿ ಕಟ್ಟಿದ ಇಕುತಾರೊ ಕಕೆಹಾಶಿ (1930–2017) ಗಡಿಯಾರ ರಿಪೇರಿಯಿಂದ ಬದುಕು ಆರಂಭಿಸಿದವರು; ಯೌವನದಲ್ಲಿ ಕ್ಷಯರೋಗದಿಂದ ಬಹುಕಾಲ ಆಸ್ಪತ್ರೆಯಲ್ಲಿದ್ದವರು. ಸಾಲಿನ ತಾಳ ತಪ್ಪದೆ ಕೊಡ ದಾಟಿಸುವ ಚಿಪ್ಪು ಗಡಿಯಾರ ಬಲ್ಲವರ ಮನೆಯಲ್ಲಿ ನೆಲೆಗೊಂಡದ್ದು ನನಗಂತೂ ಸಹಜವೆನಿಸುತ್ತದೆ.

ಹೆಸರಿನಲ್ಲಿ ಜಾಝ್ ಇದ್ದರೂ ಇದನ್ನು ಮೆರೆಸಿದವರು ಬೇರೆಯೇ ಜನ. 1980ರ ದಶಕದಲ್ಲಿ ಇಂಗ್ಲೆಂಡಿನ 'ದಿ ಕ್ಯೂರ್' ತಂಡದ ರಾಬರ್ಟ್ ಸ್ಮಿತ್, 'ದಿ ಸ್ಮಿತ್ಸ್' ತಂಡದ ಜಾನಿ ಮಾರ್ ಇದನ್ನು ನೆಚ್ಚಿದರು. ಗುಡುಗಿನಂಥ ಸಂಗೀತಕ್ಕೆ ಹೆಸರಾದ 'ಮೆಟಾಲಿಕಾ' ತಂಡವೂ ತನ್ನ ಸೌಮ್ಯ ಭಾಗಗಳಿಗೆ ಇದನ್ನೇ ಬಳಸಿತು. ಕೋರಸ್ ಮಂಡಲವೊಂದೇ 1976ರಲ್ಲಿ ಸಿಇ-1 ಎಂಬ ಕಾಲ್ತುಳಿ ಪೆಟ್ಟಿಗೆಯಾಗಿ ಬೇರೆಯಾಗಿಯೂ ಬಂತು. ಅಂದಹಾಗೆ, ಜೆಸಿ-120ರಲ್ಲಿ ನಾದವನ್ನು ಒರಟಾಗಿಸಲೆಂದೇ ಒಂದು ಗುಂಡಿಯೂ ಉಂಟು. ಅದನ್ನು ಹೊಗಳುವವರು ಅಪರೂಪ.