ಕಾಗೋಡಿನ ಕೊಳಗ ಮತ್ತು ಸಂವಿಧಾನ

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಜಗಳ ಹುಟ್ಟಿದ್ದು ಕೊಳಗದಿಂದ. ಗೇಣಿಯ ಭತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಎಲ್ಲರಿಗೂ ಒಂದೇ ಅಳತೆ ಇರಲಿ ಎಂಬುದು ರೈತರ ಬೇಡಿಕೆ.

ಸಂವಿಧಾನ ಬಂದು ಆಗ ಒಂದು ವರ್ಷ ದಾಟಿತ್ತಷ್ಟೆ. ಅದರ 14ನೇ ವಿಧಿ ಸಮಾನತೆಯನ್ನೂ 31ನೇ ವಿಧಿ ಆಸ್ತಿಯನ್ನೂ ಕಾಯುತ್ತಿದ್ದವು. ಈ ಎರಡರ ತಿಕ್ಕಾಟ ಅಮೆರಿಕಕ್ಕೆ ಹಳೆಯದು. ಕಾನೂನಿನ ಸೂಕ್ತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರ್ಕಾರ ಕಸಿಯಬಾರದು ಎಂದಿತ್ತು ಅಲ್ಲಿನ 1791ರ ಐದನೇ ತಿದ್ದುಪಡಿ. ಅಧಿಕಾರಕ್ಕೆ ಕಡಿವಾಣ ಹಾಕುವ ದೊಡ್ಡ ಮಾತದು. ಆದರೆ 1857ರ ಡ್ರೆಡ್ ಸ್ಕಾಟ್ ತೀರ್ಪು ಗುಲಾಮರನ್ನು ಆಸ್ತಿಯೆಂದೇ ಎಣಿಸಿ, ಅದೇ ಮಾತಿನಿಂದ ಒಡೆಯರನ್ನು ಕಾಯಿತು.

ನಮ್ಮಲ್ಲೂ 1951ರ ಮಾರ್ಚ್‌ನಲ್ಲಿ ಪಟ್ನಾ ಹೈಕೋರ್ಟ್ ಬಿಹಾರದ ಭೂಸುಧಾರಣಾ ಕಾಯ್ದೆಯನ್ನು ರದ್ದುಮಾಡಿತು. ಅದಕ್ಕೆ ಆಧಾರ ಸಮಾನತೆಯ 14ನೇ ವಿಧಿಯೇ! ಜೂನ್‌ನಲ್ಲಿ ಸಂಸತ್ತು ಮೊದಲ ತಿದ್ದುಪಡಿಯಿಂದ ಇಂಥ ಕಾಯ್ದೆಗಳಿಗೆ ರಕ್ಷಣೆ ಕೊಟ್ಟಿತು. ಅದೇ ತಿಂಗಳು ಕಾಗೋಡಿಗೆ ಬಂದ ಲೋಹಿಯಾ ಬಂಧನಕ್ಕೊಳಗಾದರು.

1952ರಲ್ಲಿ ಶಾಂತವೇರಿ ಗೋಪಾಲಗೌಡರು ಇಲ್ಲಿಂದಲೇ ವಿಧಾನಸಭೆಗೆ ಗೆದ್ದರು. ಉಳುವವನನ್ನೇ ಒಡೆಯನನ್ನಾಗಿಸುವ ತಿದ್ದುಪಡಿ ಕಾಯ್ದೆ ಜಾರಿಯಾದದ್ದು 1974ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು.

ಹಕ್ಕನ್ನು ಬರೆದಿಟ್ಟರೆ ಸಾಲದು. ಅದನ್ನು ಯಾರ ಕೊಳಗದಲ್ಲಿ ಅಳೆಯುತ್ತೇವೆ ಎಂಬುದೇ ಕಾಗೋಡು ಕೇಳಿದ ಪ್ರಶ್ನೆ.